ಮನೆಯ ಬೆಕ್ಕಿನ ಸಿಹಿಮೂತ್ರ ರೋಗವೂ ಇನ್ಸುಲಿನ್ನಿನ ಅಳತೆಯೂ

ಧಾನ್ಯವುಳ್ಳ ಮನೆಯಲ್ಲಿ ಇಲಿಯುಂಟು. ಇಲಿಯುಳ್ಳ ಮನೆಯಲ್ಲಿ ಬೆಕ್ಕು ಬೇಕು. ಕಣಜಕ್ಕೂ ಅಟ್ಟಕ್ಕೂ ಸಂಬಳವಿಲ್ಲದೆ ಕಾವಲಿರುವ ಈ ಪ್ರಾಣಿಯ ಉಪಕಾರವನ್ನು ಬೇಸಾಯದ ಮನೆಗಳವರು ಚೆನ್ನಾಗಿ ಬಲ್ಲರು. ಆದರೂ ಎತ್ತು ಕುಂಟಿದರೆ ಅಥವಾ ಹಸು ಮೇವು ಬಿಟ್ಟರೆ ಕೂಡಲೆ ಪಶುವೈದ್ಯರಿಗೆ ಹೇಳಿಕಳುಹಿಸುವ ಗೃಹಸ್ಥರು, ಬೆಕ್ಕು ಸೊರಗಿದರೆ "ಅದಕ್ಕೆ ವಯಸ್ಸಾಯಿತು" ಎಂದು ಸುಮ್ಮನಾಗುವುದೇ ವಾಡಿಕೆಯಾಗಿದೆ. ಹೀಗೆ ವಯಸ್ಸಿನ ಮೇಲೆ ಹೊರಿಸಿಬಿಡುವ ಸೊರಗಿಗೆ ಕೆಲವು ವೇಳೆ ಸಿಹಿಮೂತ್ರ ರೋಗವೇ ಕಾರಣವಾಗಿರುತ್ತದೆ. ಮಧುಮೇಹವೆಂದು ಮನುಷ್ಯರಲ್ಲಿ ಪ್ರಸಿದ್ಧವಾಗಿರುವ ರೋಗವೇ ಇದು.

ಈ ರೋಗಕ್ಕೆ ಚಿಕಿತ್ಸೆಯುಂಟು; ಫಲವೂ ಉಂಟು. ಆದರೆ ಚಿಕಿತ್ಸೆಯು ಆಸ್ಪತ್ರೆಯಲ್ಲಿ ಒಂದು ದಿನದಲ್ಲಿ ಮುಗಿಯತಕ್ಕದ್ದಲ್ಲ. ವೈದ್ಯರು ಪ್ರಮಾಣವನ್ನು ಗೊತ್ತುಮಾಡಿಕೊಟ್ಟ ಮೇಲೆ ದಿನಕ್ಕೆರಡಾವರ್ತಿ ಇನ್ಸುಲಿನ್ ಚುಚ್ಚುವ ಕೆಲಸ ಮನೆಯವರಿಗೇ ಬೀಳುತ್ತದೆ. ಆದುದರಿಂದ ಈ ವಿಷಯದಲ್ಲಿ ಮನೆಯವರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ತಿಳಿಸಿದೆ. ಎಲ್ಲಕ್ಕೂ ಮೊದಲು ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೆಕ್ಕಿಗೆ ಬೇಕಾದ ಇನ್ಸುಲಿನ್ ಅತ್ಯಲ್ಪವಾದದ್ದು. ಅದು ಸ್ವಲ್ಪ ಕಡಮೆಯಾದರೆ ತಿದ್ದಿಕೊಳ್ಳುವುದಕ್ಕೆ ದಿನಗಳ ಅವಕಾಶವಿರುತ್ತದೆ. ಹೆಚ್ಚಾದರೆ ಕೆಲವು ಗಂಟೆಗಳ ಅವಕಾಶವೂ ಇರುವುದಿಲ್ಲ.

ರೋಗದ ಸ್ವರೂಪ

ತಿಂದ ಆಹಾರವು ಜೀರ್ಣವಾದ ಮೇಲೆ ಅದರ ಒಂದಂಶವು ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಜಠರದ ಸಮೀಪದಲ್ಲಿರುವ ಮೇದೋಜೀರಕಾಂಗವು ಇನ್ಸುಲಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿರುವ ಸಕ್ಕರೆಯು ಮಾಂಸಖಂಡಗಳೊಳಕ್ಕೆ ಸರಿಯಾಗಿ ಹೋಗಬೇಕಾದರೆ ಈ ಇನ್ಸುಲಿನ್ ಇರಬೇಕು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬು ಮುಚ್ಚಿದ್ದರೆ ಗದ್ದೆ ಒಣಗುವುದಷ್ಟೆ. ಹಾಗೆಯೇ ಇನ್ಸುಲಿನ್ ಸಾಲದಿದ್ದರೆ, ಅಥವಾ ಇದ್ದೂ ದೇಹವು ಅದಕ್ಕೆ ಓಗೊಡದಿದ್ದರೆ, ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಪ್ರಾಣಿಯು ಒಳಗೆ ಹಸಿದೇ ಇರುತ್ತದೆ.

ಆರೋಗ್ಯವಾಗಿರುವ ಬೆಕ್ಕಿನ ೧೦೦ ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು ಸಾಮಾನ್ಯವಾಗಿ ೭೦ರಿಂದ ೧೫೦ ಮಿಲಿಗ್ರಾಮಿನೊಳಗೆ ಇರುತ್ತದೆ. ಅದು ೨೫೦ರಿಂದ ೩೦೦ರ ಸುಮಾರಿಗೆ ಏರಿದಾಗ ಮೂತ್ರಪಿಂಡಗಳು ತಡೆಯಲಾರದೆ, ತುಂಬಿದ ಕೆರೆ ಕೋಡಿ ಬೀಳುವಂತೆ, ಸಕ್ಕರೆಯು ಮೂತ್ರದಲ್ಲಿ ಹೊರಬೀಳುತ್ತದೆ. ಸಕ್ಕರೆಯು ತನ್ನೊಡನೆ ನೀರನ್ನೂ ಎಳೆದುಕೊಂಡು ಹೋಗುವುದರಿಂದ ಮೂತ್ರವು ಹೆಚ್ಚುತ್ತದೆ. ಮೂತ್ರ ಹೆಚ್ಚಿದುದರಿಂದ ಬಾಯಾರಿಕೆಯೂ ಹೆಚ್ಚುತ್ತದೆ.

ಯಾವ ಬೆಕ್ಕಿಗೆ ಬರುತ್ತದೆ

ಹೊಲಗದ್ದೆಗಳಲ್ಲಿ ತಿರುಗಿ ಬೇಟೆಯಾಡಿ ಬದುಕುವ ತೆಳ್ಳನೆಯ ಬೆಕ್ಕಿಗೆ ಈ ರೋಗದ ಭಯ ಕಡಮೆ. ಮನೆಯೊಳಗೇ ಬೆಳೆದು, ಬೇಟೆಯನ್ನು ಮರೆತು, ಮೈತುಂಬಿಕೊಂಡು ಮಲಗಿರುವ ನಡುವಯಸ್ಸು ದಾಟಿದ ಬೆಕ್ಕುಗಳಿಗೆ ಭಯ ಹೆಚ್ಚು. ಅವುಗಳಲ್ಲಿಯೂ ಸಂತಾನ ನಿರೋಧದ ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ತುರಿಕೆ, ಉಬ್ಬಸ ಮುಂತಾದವುಗಳಿಗೆ ಕೊಡುವ ಸ್ಟೀರಾಯ್ಡ್ ಜಾತಿಯ ಔಷಧಗಳನ್ನು ಬಹುಕಾಲ ಕೊಟ್ಟರೂ ರೋಗವು ತಲೆದೋರುವುದುಂಟು. ಇಂಗ್ಲೆಂಡಿನಲ್ಲಿ ಪಶುವೈದ್ಯರ ಬಳಿಗೆ ಬರುವ ಬೆಕ್ಕುಗಳನ್ನು ಲೆಕ್ಕಹಾಕಿ ನೋಡಿದವರು ಸುಮಾರು ಇನ್ನೂರಕ್ಕೆ ಒಂದರಂತೆ ಇದನ್ನು ಕಂಡಿದ್ದಾರೆ.

ಗುರುತುಗಳು

ಬೆಕ್ಕು ಪದೇ ಪದೇ ನೀರಿನ ಬಟ್ಟಲ ಬಳಿ ಸುಳಿಯುವುದು, ಮೊದಲಿಗಿಂತ ಹೆಚ್ಚಾಗಿ ಮೂತ್ರ ಮಾಡುವುದು, ಆ ಸ್ಥಳಕ್ಕೆ ಇರುವೆ ಮುತ್ತುವುದು, ಚೆನ್ನಾಗಿ ತಿನ್ನುತ್ತಿದ್ದರೂ ಬೆನ್ನೆಲುಬು ಎದ್ದು ಕಾಣುವಂತೆ ಸೊರಗುವುದು, ಕೂದಲು ಹೊಳಪುಗೆಡುವುದು. ಇವು ಮೊದಲ ಗುರುತುಗಳು. ಒಂದು ಕಿಲೋಗ್ರಾಂ ತೂಕಕ್ಕೆ ದಿನವೊಂದಕ್ಕೆ ೫೦ ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿಯುವ ಬೆಕ್ಕನ್ನು ಸಂದೇಹದಿಂದ ನೋಡಬೇಕು. ಅಂದರೆ ೪ ಕಿಲೋಗ್ರಾಂ ತೂಗುವ ಬೆಕ್ಕು ೨೦೦ ಮಿಲಿಲೀಟರು ನೀರನ್ನು ದಿನಂಪ್ರತಿ ಮುಗಿಸುತ್ತಿದ್ದರೆ ಪರೀಕ್ಷೆ ಮಾಡಿಸತಕ್ಕದ್ದು. ರೋಗವು ಮುಂದುವರಿದಾಗ ನರಗಳು ಬಲಗುಂದಿ, ಹಿಂಗಾಲಿನ ಬೆರಳುಗಳ ಮೇಲೆ ನಡೆಯಬೇಕಾದ ಬೆಕ್ಕು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ; ಗೋಡೆ ಹಾರಲಾರದೆ ಹೋಗುತ್ತದೆ.

ಈ ಗುರುತುಗಳು ಮೂತ್ರಪಿಂಡದ ರೋಗದಲ್ಲಿಯೂ ಇತರ ಕೆಲವು ರೋಗಗಳಲ್ಲಿಯೂ ಕಾಣುವುದರಿಂದ, ರಕ್ತ ಮತ್ತು ಮೂತ್ರಗಳೆರಡನ್ನೂ ವೈದ್ಯರು ಪರೀಕ್ಷಿಸದೆ ಇನ್ಸುಲಿನ್ ಆರಂಭಿಸಕೂಡದು. ಇನ್ನೊಂದು ವಿಶೇಷವುಂಟು. ಹೆದರಿದ ಬೆಕ್ಕಿನ ರಕ್ತದಲ್ಲಿ ರೋಗವಿಲ್ಲದಿದ್ದರೂ ಸಕ್ಕರೆಯು ತತ್ಕಾಲಕ್ಕೆ ಏರುತ್ತದೆ. ಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ತಂದು, ನಾಯಿಗಳ ನಡುವೆ ಕೂರಿಸಿದ ಬೆಕ್ಕಿನ ಒಂದೇ ಅಂಕಿಯನ್ನು ನಂಬಿ ತೀರ್ಮಾನ ಮಾಡಬಾರದು. ಹಿಂದಿನ ಕೆಲವು ವಾರಗಳ ಸಕ್ಕರೆಯ ಮಟ್ಟವನ್ನು ತೋರಿಸುವ ಫ್ರಕ್ಟೋಸಮಿನ್ ಎಂಬ ರಕ್ತಪರೀಕ್ಷೆಯಿಂದ ಈ ಸಂದೇಹವನ್ನು ಪರಿಹರಿಸಿಕೊಳ್ಳಬಹುದು.

ಇನ್ಸುಲಿನ್

೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಪ್ರಾಣಿಗಳ ಮೇದೋಜೀರಕಾಂಗದಿಂದ ಇನ್ಸುಲಿನ್ನನ್ನು ತೆಗೆದು, ಅದರಿಂದ ರಕ್ತದ ಸಕ್ಕರೆ ಇಳಿಯುವುದನ್ನು ನಾಯಿಗಳಲ್ಲಿ ತೋರಿಸಿದರು. ೧೯೨೨ರ ಜನವರಿಯಲ್ಲಿ ಅದನ್ನು ಮೊದಲಬಾರಿಗೆ ಮನುಷ್ಯನಿಗೆ ಕೊಡಲಾಯಿತು. ೧೯೨೩ರಲ್ಲಿ ಬ್ಯಾಂಟಿಂಗರಿಗೂ, ಆ ಪ್ರಯೋಗಶಾಲೆಯ ಮುಖ್ಯಸ್ಥರಾಗಿದ್ದ ಮ್ಯಾಕ್ಲಿಯಡರಿಗೂ ನೊಬೆಲ್ ಬಹುಮಾನ ಬಂದಿತು. ಬೆಕ್ಕಿನ ಇನ್ಸುಲಿನ್ನಿನಲ್ಲಿ ೫೧ ಕೊಂಡಿಗಳಿದ್ದು, ದನದ ಇನ್ಸುಲಿನ್ನಿಗೂ ಇದಕ್ಕೂ ಒಂದೇ ಒಂದು ಕೊಂಡಿಯ ವ್ಯತ್ಯಾಸವಿದೆ. ಮನುಷ್ಯನದಕ್ಕೂ ಇದಕ್ಕೂ ನಾಲ್ಕು ಕೊಂಡಿಗಳ ವ್ಯತ್ಯಾಸ. ಆದುದರಿಂದಲೇ ಬೇರೆ ಪ್ರಾಣಿಯ ಇನ್ಸುಲಿನ್ನೂ, ಮನುಷ್ಯರಿಗಾಗಿ ತಯಾರಾದ ಇನ್ಸುಲಿನ್ನೂ ಬೆಕ್ಕಿನಲ್ಲಿ ಕೆಲಸಮಾಡುತ್ತವೆ.

ಕೆಲಸಮಾಡುತ್ತವೆ ಎಂದಮಾತ್ರಕ್ಕೆ ಮನೆಯ ಹಿರಿಯರಿಗೆ ತಂದಿರುವ ಸೀಸೆಯಿಂದಲೇ ಬೆಕ್ಕಿಗೂ ಚುಚ್ಚಬಹುದೆಂದು ತಿಳಿಯಬಾರದು. ಇನ್ಸುಲಿನ್ನಿನಲ್ಲಿ ಬೇಗ ಏರಿ ಬೇಗ ಇಳಿಯುವುದು, ನಿಧಾನವಾಗಿ ಬಹುಹೊತ್ತು ನಿಲ್ಲುವುದು, ಎರಡನ್ನೂ ಬೆರಸಿದ್ದು ಎಂದು ಹಲವು ಬಗೆಗಳಿವೆ. ಬೆಕ್ಕಿಗೆ ಸಾಮಾನ್ಯವಾಗಿ ನಿಧಾನವಾದ ಬಗೆಯನ್ನೇ ವೈದ್ಯರು ಆರಿಸುತ್ತಾರೆ. ಗ್ಲಾರ್ಜಿನ್ ಎಂಬುದು ಅಂತಹುದೊಂದು. ಸಕ್ಕರೆ ಕಾಯಿಲೆಗೆಂದು ಮನುಷ್ಯರು ನುಂಗುವ ಮಾತ್ರೆಗಳನ್ನಾಗಲಿ, ಹಾಗಲಕಾಯಿ ರಸ ಬೇವಿನ ರಸಗಳನ್ನಾಗಲಿ ಇನ್ಸುಲಿನ್ನಿಗೆ ಬದಲಾಗಿ ಕೊಡಕೂಡದು.

ಪ್ರಮಾಣ

ಇನ್ಸುಲಿನ್ನನ್ನು ಯೂನಿಟ್ಟುಗಳಲ್ಲಿ ಅಳೆಯುತ್ತಾರೆ. ಬೆಕ್ಕಿಗೆ ಆರಂಭದಲ್ಲಿ ಒಂದು ಕಿಲೋಗ್ರಾಂ ತೂಕಕ್ಕೆ ಕಾಲು ಯೂನಿಟ್ಟಿನಿಂದ ಅರ್ಧ ಯೂನಿಟ್ಟಿನವರೆಗೆ, ಹನ್ನೆರಡು ಗಂಟೆಗೊಂದಾವರ್ತಿ ಕೊಡುವುದು ವೈದ್ಯರ ರೂಢಿ. ಬೆಕ್ಕು ಕೊಬ್ಬಿದ್ದರೆ ಅದಕ್ಕೆ ಇರಬೇಕಾದ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ ಹೊರತು ಇರುವ ತೂಕವನ್ನಲ್ಲ. ಎಷ್ಟು ದೊಡ್ಡ ಬೆಕ್ಕಾದರೂ ಮೊದಲಿಗೆ ಒಂದಾವರ್ತಿಗೆ ೨ ಯೂನಿಟ್ಟುಗಳನ್ನು ಸಾಮಾನ್ಯವಾಗಿ ಮೀರುವುದಿಲ್ಲ. ನಾಲ್ಕು ಕಿಲೋಗ್ರಾಮಿನ ಬೆಕ್ಕಿಗೆ ೧ ಯೂನಿಟ್ಟು ಎಂದು ಗೊತ್ತುಮಾಡುವುದು ಸಾಧಾರಣ. ನಿಮ್ಮ ಬೆಕ್ಕಿಗೆ ಎಷ್ಟೆಂಬುದನ್ನು ಅದನ್ನು ನೋಡಿದ ವೈದ್ಯರೇ ಹೇಳಬೇಕು.

ಇಲ್ಲಿ ಮನೆಯವರಿಗೆ ಬೇಕಾದ ಗುಣವೆಂದರೆ ತಾಳ್ಮೆ. ಔಷಧವು ದೇಹದಲ್ಲಿ ನೆಲೆಗೊಳ್ಳುವುದಕ್ಕೆ ಕೆಲವು ದಿನಗಳು ಬೇಕು. ಐದರಿಂದ ಏಳು ದಿನಗಳು ಕಳೆಯುವುದಕ್ಕೆ ಮುಂಚೆ ಪ್ರಮಾಣವನ್ನು ಏರಿಸಬಾರದು. ಏರಿಸುವಾಗಲೂ ಅರ್ಧ ಯೂನಿಟ್ಟು, ಹೆಚ್ಚೆಂದರೆ ಒಂದು ಯೂನಿಟ್ಟಿನಷ್ಟು ಮಾತ್ರ, ಅದೂ ವೈದ್ಯರು ಹೇಳಿದ ಮೇಲೆ. ಬಲ್ಲ ನೀರುಗಂಟಿಯು ಒಂದು ಗದ್ದೆ ಒಣಗಿದಂತೆ ಕಂಡಿತೆಂದು ಗಳಿಗೆಗೊಮ್ಮೆ ತೂಬನ್ನು ಎತ್ತುತ್ತ ಹೋಗುವುದಿಲ್ಲ. ಬಿಟ್ಟ ನೀರು ಕೊನೆಯ ಮಡಿಯನ್ನು ಮುಟ್ಟಿತೇ ಎಂದು ನೋಡಿ ಮುಂದಿನದನ್ನು ಮಾಡುತ್ತಾನೆ. ಪ್ರಮಾಣವನ್ನು ಇಳಿಸುವುದಕ್ಕೆ ಮಾತ್ರ ಈ ಕಾಯುವಿಕೆ ಇಲ್ಲ. ಸಕ್ಕರೆ ತೀರ ಇಳಿದ ಗುರುತು ಕಂಡರೆ ಮುಂದಿನ ಚುಚ್ಚುಮದ್ದನ್ನು ನಿಲ್ಲಿಸಿ ಕೂಡಲೆ ವೈದ್ಯರಿಗೆ ತಿಳಿಸತಕ್ಕದ್ದು.

ನಲವತ್ತೂ ನೂರೂ

ಈ ಲೇಖನದಲ್ಲಿ ಉಳಿದುದೆಲ್ಲ ಮರೆತರೂ ಈ ಭಾಗವನ್ನು ಮರೆಯಬಾರದು. ನಮ್ಮ ದೇಶದ ಔಷಧದಂಗಡಿಗಳಲ್ಲಿ ಇನ್ಸುಲಿನ್ ಎರಡು ಗಾಢತೆಗಳಲ್ಲಿ ದೊರೆಯುತ್ತದೆ. ಒಂದರಲ್ಲಿ ಮಿಲಿಲೀಟರಿಗೆ ೪೦ ಯೂನಿಟ್ಟು. ಇನ್ನೊಂದರಲ್ಲಿ ಮಿಲಿಲೀಟರಿಗೆ ೧೦೦ ಯೂನಿಟ್ಟು. ಅವಕ್ಕೆ ಸಿರಿಂಜುಗಳೂ ಬೇರೆ ಬೇರೆ. ನಲವತ್ತರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳವೂ ನೂರರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳವೂ ಇರುತ್ತವೆ. ಸೇರಿನಿಂದ ಅಳೆಯಬೇಕಾದುದನ್ನು ಪಾವಿನಿಂದ ಅಳೆದರೆ ಲೆಕ್ಕ ಕೆಡುವಂತೆ, ಒಂದರ ಔಷಧವನ್ನು ಇನ್ನೊಂದರ ಸಿರಿಂಜಿನಲ್ಲಿ ಎಳೆದರೆ ಗೆರೆ ಸುಳ್ಳಾಗುತ್ತದೆ. ಎಷ್ಟು ಸುಳ್ಳಾಗುತ್ತದೆಂಬುದನ್ನು ಲೆಕ್ಕಹಾಕಿ ನೋಡೋಣ.

ಒಂದು ಬೆಕ್ಕಿಗೆ ೧ ಯೂನಿಟ್ಟು ವಿಧಿಸಿದೆಯೆಂದು ಇಟ್ಟುಕೊಳ್ಳಿ. ಮನೆಯಲ್ಲಿರುವ ಸೀಸೆ ನೂರರದು. ಅಂಗಡಿಯಿಂದ ತಂದ ಸಿರಿಂಜು ನಲವತ್ತರದು. ನಲವತ್ತರ ಸಿರಿಂಜಿನ ಒಂದು ಗೆರೆಯೆಂದರೆ ಮಿಲಿಲೀಟರಿನ ನಲವತ್ತನೆಯ ಒಂದು ಭಾಗ. ಅಷ್ಟು ಜಾಗದಲ್ಲಿ ನೂರರ ಔಷಧವು ಎರಡೂವರೆ ಯೂನಿಟ್ಟು ಹಿಡಿಯುತ್ತದೆ. ಮನೆಯವರು ಒಂದೆಂದು ತಿಳಿದು ಎರಡೂವರೆಯನ್ನು ಚುಚ್ಚಿದಂತಾಯಿತು. ಮೇಲೆ ಗೆರೆ ಒಂದೇ. ಒಳಗೆ ಬೆಕ್ಕಿನ ಪ್ರಾಣಕ್ಕೆ ಸಂಚಕಾರ.

ಇದಕ್ಕೆ ವಿರೋಧವಾದ ತಪ್ಪೂ ನಿರಪಾಯವಲ್ಲ. ಸೀಸೆ ನಲವತ್ತರದು, ಸಿರಿಂಜು ನೂರರದು ಆದರೆ ಒಂದು ಗೆರೆಗೆ ಯೂನಿಟ್ಟಿನ ಹತ್ತರಲ್ಲಿ ನಾಲ್ಕು ಪಾಲು ಮಾತ್ರ ಬರುತ್ತದೆ. ಬೆಕ್ಕು ಗುಣವಾಗಲಿಲ್ಲವೆಂದು, ಅಳತೆಯ ತಪ್ಪನ್ನು ಯಾರೂ ನೋಡದೆ, ಎರಡು ಗೆರೆಗೆ, ಆಮೇಲೆ ಮೂರು ಗೆರೆಗೆ ಏರಿಸುತ್ತಾರೆ. ಮೂರು ಗೆರೆಗೆ ಬೀಳುವುದು ೧.೨ ಯೂನಿಟ್ಟು, ಬೆಕ್ಕು ಸುಧಾರಿಸುತ್ತದೆ, ಎಲ್ಲರಿಗೂ ಸಂತೋಷ. ಒಂದು ದಿನ ಸಿರಿಂಜುಗಳು ಮುಗಿದು, ಪೇಟೆಗೆ ಹೋದವರು ಸೀಸೆಗೆ ಸರಿಯಾದ ಕೆಂಪು ಮುಚ್ಚಳದ ಸಿರಿಂಜನ್ನೇ ತರುತ್ತಾರೆ. ಅಭ್ಯಾಸದಂತೆ ಮೂರು ಗೆರೆಗೆ ಎಳೆಯುತ್ತಾರೆ. ಈಗ ಹೋಗುವುದು ಪೂರ್ತಿ ೩ ಯೂನಿಟ್ಟು. ಸರಿಯಾದ ಸಾಮಾನು ಬಂದ ದಿನವೇ ಕೆಡುಕಾಗುವುದು ಹೀಗೆ. ಆದುದರಿಂದ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲೆ ಅಚ್ಚಾಗಿರುವ ಅಂಕಿಯನ್ನೂ ಪ್ರತಿಸಲವೂ ಓದಿ, ಎರಡೂ ಒಂದೇ ಎಂದು ಕಂಡ ಮೇಲೆಯೇ ಔಷಧವನ್ನು ಎಳೆಯತಕ್ಕದ್ದು. ಮುಚ್ಚಳದ ಬಣ್ಣವೊಂದನ್ನೇ ನಂಬಬಾರದು.

ಇಷ್ಟು ಸಣ್ಣ ಪ್ರಮಾಣದಲ್ಲಿ ಗಾಳಿಯ ಗುಳ್ಳೆಯೊಂದು ಸೇರಿದರೂ ಅಳತೆ ಕೆಡುತ್ತದೆ. ಸಿರಿಂಜನ್ನು ಮೇಲ್ಮುಖವಾಗಿ ಹಿಡಿದು ಬೆರಳಿನಿಂದ ತಟ್ಟಿ ಗುಳ್ಳೆಯನ್ನು ಹೊರಡಿಸಬೇಕು. ನೂರರ ಔಷಧವನ್ನು ಬಳಸುವವರು ಅರ್ಧ ಯೂನಿಟ್ಟಿನ ಗೆರೆಗಳಿರುವ ೦.೩ ಮಿಲಿಲೀಟರಿನ ಸಿರಿಂಜು ದೊರೆತರೆ ಅದನ್ನೇ ತರಿಸಿಕೊಳ್ಳುವುದು ಒಳ್ಳೆಯದು.

ಚುಚ್ಚುವ ಕ್ರಮ

ಮೊದಲು ಆಹಾರ, ಆಮೇಲೆ ಔಷಧ. ಬೆಕ್ಕು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆ ಚುಚ್ಚಬೇಕು. ಅದು ಅನ್ನ ಬಿಟ್ಟಿದ್ದರೆ ಅಥವಾ ವಾಂತಿ ಮಾಡಿಕೊಂಡಿದ್ದರೆ ಎಂದಿನ ಪ್ರಮಾಣವನ್ನು ಕೊಡದೆ ವೈದ್ಯರನ್ನು ಕೇಳತಕ್ಕದ್ದು.

ಪಕ್ಕೆಯ ಅಥವಾ ಹೊಟ್ಟೆಯ ಬದಿಯ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಎತ್ತಿದರೆ ಗುಡಾರದಂತೆ ಏಳುತ್ತದೆ. ಅದರ ಬುಡದಲ್ಲಿ ಸೂಜಿಯನ್ನು ಚರ್ಮದ ಕೆಳಕ್ಕೆ ಹೊಗಿಸಿ ಔಷಧವನ್ನು ತಳ್ಳಬೇಕು. ಕತ್ತಿನ ಹಿಂಭಾಗದ ಸಡಿಲ ಚರ್ಮಕ್ಕೆ ಚುಚ್ಚುವ ರೂಢಿ ಹಿಂದೆ ಹೆಚ್ಚಾಗಿದ್ದರೂ, ಅಲ್ಲಿಗಿಂತ ಪಕ್ಕೆಯಲ್ಲಿ ಔಷಧವು ಚೆನ್ನಾಗಿ ರಕ್ತಕ್ಕೆ ಸೇರುತ್ತದೆಂದು ಈಚೆಗೆ ವೈದ್ಯರು ಹೇಳುತ್ತಾರೆ. ಒಂದೇ ಸ್ಥಳದಲ್ಲಿ ದಿನವೂ ಚುಚ್ಚದೆ ಬೆಳಿಗ್ಗೆ ಬಲಗಡೆ, ಸಂಜೆ ಎಡಗಡೆ ಎಂದು ಬದಲಾಯಿಸುತ್ತಿರಬೇಕು. ಸೂಜಿಯು ಬಹಳ ಸಣ್ಣದು. ಆಹಾರದಲ್ಲಿ ಮಗ್ನವಾದ ಬೆಕ್ಕು ಅನೇಕ ವೇಳೆ ತಿರುಗಿಯೂ ನೋಡುವುದಿಲ್ಲ.

ಸೂಜಿ ಇನ್ನೊಂದು ಬದಿಗೆ ತೂರಿ ಔಷಧವು ಕೂದಲಿನ ಮೇಲೆ ಚೆಲ್ಲಿತೆಂದು ಸಂದೇಹ ಬಂದರೆ ಎರಡನೆಯ ಸಲ ಚುಚ್ಚಕೂಡದು. ಕೊಟ್ಟೆವೋ ಇಲ್ಲವೋ ಎಂದು ಮರೆತರೂ ಇದೇ ನಿಯಮ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎಂದಿನಷ್ಟೇ ಕೊಡಬೇಕೇ ಹೊರತು ಎರಡರಷ್ಟನ್ನು ಎಂದಿಗೂ ಕೊಡಬಾರದು.

ಇನ್ಸುಲಿನ್ನಿನ ಬಲವು ಅನೇಕ ಬೆಕ್ಕುಗಳಲ್ಲಿ ಚುಚ್ಚಿದ ನಾಲ್ಕರಿಂದ ಎಂಟು ಗಂಟೆಗಳ ನಡುವೆ ಹೆಚ್ಚಾಗಿರುತ್ತದೆ. ಬೆಳಿಗ್ಗೆ ಆರು ಗಂಟೆಗೆ ಚುಚ್ಚಿದರೆ ಹತ್ತರಿಂದ ಮಧ್ಯಾಹ್ನ ಎರಡರವರೆಗಿನ ಹೊತ್ತು ಅಪಾಯದ ಹೊತ್ತು. ಬೇಸಾಯದ ಮನೆಯಲ್ಲಿ ಎಲ್ಲರೂ ಹೊಲದಲ್ಲಿರುವ ಹೊತ್ತೂ ಅದೇ ಎಂಬುದನ್ನು ಗಮನಿಸಬೇಕು. ಚಿಕಿತ್ಸೆ ಆರಂಭಿಸಿದ ಮೊದಲ ವಾರದಲ್ಲಿಯೂ, ಪ್ರಮಾಣ ಏರಿಸಿದ ದಿನಗಳಲ್ಲಿಯೂ ತಿಳಿದವರೊಬ್ಬರು ಆ ಹೊತ್ತಿನಲ್ಲಿ ಮನೆಯಲ್ಲಿರಬೇಕು.

ಲೆಕ್ಕದ ಪುಸ್ತಕ

ಔಷಧ ಕೊಡುವ ಕೆಲಸವನ್ನು ಒಬ್ಬರ ಕೈಗೆ ಒಪ್ಪಿಸಬೇಕು. ಅತ್ತೆ ಕೊಟ್ಟದ್ದು ಸೊಸೆಗೆ ತಿಳಿಯದೆ, ಮಗ ಬಂದು ಮತ್ತೊಮ್ಮೆ ಕೊಟ್ಟು ಬೆಕ್ಕು ಸಾಯುವುದು ಅಸಂಭವವೇನಲ್ಲ. ಹಾಲಿನ ಲೆಕ್ಕ ಬರೆಯುವಂತೆಯೇ ಇದಕ್ಕೂ ಒಂದು ಪುಸ್ತಕವಿರಲಿ. ತಾರೀಖು, ಗಂಟೆ, ತಿಂದ ಆಹಾರ, ಕುಡಿದ ನೀರು, ರಕ್ತದ ಸಕ್ಕರೆ, ಕೊಟ್ಟ ಯೂನಿಟ್ಟು, ಕೊಟ್ಟವರ ಹೆಸರು, ಷರಾ ಎಂದು ಎಂಟು ಮನೆಗಳನ್ನು ಗೆರೆಹಾಕಿ, ಚುಚ್ಚಿದ ಕೂಡಲೆ ಬರೆಯಬೇಕು. ವಾರಕ್ಕೊಮ್ಮೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ತೂಗಿ ತೂಕವನ್ನೂ ಬರೆಯಬೇಕು. ನೀರು ಕುಡಿಯುವುದು ಕಡಮೆಯಾಗಿ ತೂಕ ನಿಂತರೆ ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಬಹುದು. ಈ ಪುಸ್ತಕವನ್ನು ನೋಡಿದ ವೈದ್ಯರು ಬೆಕ್ಕನ್ನು ನೋಡಿದುದಕ್ಕಿಂತ ಹೆಚ್ಚನ್ನು ತಿಳಿದುಕೊಳ್ಳುತ್ತಾರೆ.

ರಕ್ತದ ಸಕ್ಕರೆಯನ್ನು ಮನೆಯಲ್ಲಿಯೇ ನೋಡಬಹುದು. ಬೆಕ್ಕಿನ ಕಿವಿಯನ್ನು ಬೆಚ್ಚನೆಯ ಬಟ್ಟೆಯಿಂದ ಒತ್ತಿ, ಅಂಚಿನಲ್ಲಿ ಸೂಜಿಮೊನೆಯಿಂದ ಮುಟ್ಟಿದರೆ ಬರುವ ಒಂದು ಸಣ್ಣ ಹನಿ ರಕ್ತ ಯಂತ್ರಕ್ಕೆ ಸಾಕು. ಮನುಷ್ಯರಿಗಾಗಿ ಮಾಡಿದ ಯಂತ್ರವು ಬೆಕ್ಕಿನ ರಕ್ತದಲ್ಲಿ ಅನೇಕ ವೇಳೆ ನಿಜಕ್ಕಿಂತ ಸ್ವಲ್ಪ ಕಡಮೆ ಅಂಕಿಯನ್ನು ತೋರಿಸುವುದುಂಟು. ಆದುದರಿಂದ ಯಾವ ಯಂತ್ರವೆಂಬುದನ್ನು ವೈದ್ಯರಿಗೆ ತಿಳಿಸಿ, ಕೊನೆಯವರೆಗೂ ಅದನ್ನೇ ಬಳಸಬೇಕು. ವೈದ್ಯರು ಕೇಳಿದ ದಿನ ಎರಡು ಗಂಟೆಗೊಂದಾವರ್ತಿಯಂತೆ ಹನ್ನೆರಡು ಗಂಟೆಗಳ ಕಾಲ ಅಂಕಿಗಳನ್ನು ಬರೆದುಕೊಟ್ಟರೆ ಸಕ್ಕರೆಯು ಯಾವಾಗ ಎಷ್ಟು ಇಳಿಯಿತೆಂಬುದು ಗೊತ್ತಾಗುತ್ತದೆ. ತೀರ ಇಳಿದ ಹೊತ್ತಿನಲ್ಲಿ ಅದು ೮೦ರಿಂದ ೧೫೦ರ ನಡುವೆ ನಿಂತರೆ ಉತ್ತಮ. ಚುಚ್ಚುವ ಮೊದಲೇ ಅಂಕಿಯು ಎಂದಿಗಿಂತ ಬಹಳ ಕೆಳಗಿದ್ದರೆ ಔಷಧವನ್ನು ತಡೆಹಿಡಿದು ವೈದ್ಯರನ್ನು ಕೇಳಬೇಕು.

ಸಕ್ಕರೆ ಇಳಿದುಹೋದಾಗ

ರಕ್ತದ ಸಕ್ಕರೆಯು ೬೦ಕ್ಕಿಂತ ಕೆಳಗಿಳಿದರೆ ಅಪಾಯ. ಬೆಕ್ಕು ಮಂಕಾಗುವುದು, ಅಥವಾ ಕಾರಣವಿಲ್ಲದೆ ಕೂಗುತ್ತ ಅಲೆಯುವುದು, ಕುಡಿದವರಂತೆ ತೂರಾಡುವುದು, ನಡುಗುವುದು, ಕೊನೆಗೆ ಸೆಳವು ಬಂದು ಪ್ರಜ್ಞೆ ತಪ್ಪುವುದು ಇದರ ಗುರುತುಗಳು. ಯಂತ್ರ ಹುಡುಕುತ್ತ ಹೊತ್ತು ಕಳೆಯಬಾರದು.

ತಿನ್ನುವ ಸ್ಥಿತಿಯಲ್ಲಿದ್ದರೆ ಕೂಡಲೆ ಆಹಾರವಿಡಬೇಕು. ತಿನ್ನಲಾರದಿದ್ದರೆ ಜೇನುತುಪ್ಪವನ್ನೋ, ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿದ ಪಾಕವನ್ನೋ, ಅದೂ ಇಲ್ಲದಿದ್ದರೆ ಸಕ್ಕರೆಯ ಪಾಕವನ್ನೋ ಬೆರಳಿಗೆ ಹಚ್ಚಿಕೊಂಡು ಒಸಡುಗಳಿಗೆ ಸವರಬೇಕು. ಸೆಳವು ಬಂದಿರುವಾಗ ಹಲ್ಲುಗಳ ನಡುವೆ ಬೆರಳಿಡಬಾರದು. ಪ್ರಜ್ಞೆಯಿಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಹೊಯ್ಯಕೂಡದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಕ್ಕು ಎದ್ದು ಓಡಾಡಿದರೂ ನಿಶ್ಚಿಂತರಾಗಬಾರದು. ಸವರಿದ ಸಕ್ಕರೆ ಬೇಗ ತೀರುತ್ತದೆ. ಚುಚ್ಚಿದ ಇನ್ಸುಲಿನ್ ಇನ್ನೂ ಹಲವು ಗಂಟೆ ಕೆಲಸಮಾಡುತ್ತಿರುತ್ತದೆ. ಆಹಾರ ಕೊಟ್ಟು, ಕಾದು ನೋಡುತ್ತ, ವೈದ್ಯರ ಬಳಿಗೆ ಕೊಂಡೊಯ್ಯಬೇಕು.

ಇನ್ಸುಲಿನ್ ಬಹಳ ದಿನ ಸಾಲದೆ ಹೋದರೆ ಬರುವ ಕೆಡುಕು ಬೇರೆ. ದೇಹವು ಕೊಬ್ಬನ್ನೇ ಸುಟ್ಟುಕೊಳ್ಳುವುದರಿಂದ ರಕ್ತದಲ್ಲಿ ಆಮ್ಲಗಳು ಸೇರುತ್ತವೆ. ಬೆಕ್ಕು ಆಹಾರ ಬಿಟ್ಟು, ವಾಂತಿ ಮಾಡಿಕೊಂಡು, ಮುದುಡಿ ಮಲಗುತ್ತದೆ; ಉಸಿರಿನಲ್ಲಿ ಮಾಗಿ ಕೊಳೆತ ಹಣ್ಣಿನಂತಹ ವಾಸನೆ ಬರುವುದುಂಟು. ಇದಕ್ಕೆ ಮನೆಮದ್ದಿಲ್ಲ. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಆಹಾರ

ಬೆಕ್ಕು ಮಾಂಸಾಹಾರಿ. ದೊಡ್ಡ ಪ್ರಮಾಣದ ಪಿಷ್ಟಪದಾರ್ಥವನ್ನು ಸಾಗಿಸುವ ಶಕ್ತಿ ಅದರ ಯಕೃತ್ತಿಗೆ ಕಡಮೆ. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲು ಅನ್ನ ಕಲಸಿಡುವುದು ಪ್ರೀತಿಯ ರೂಢಿ. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಅದು ಮೇಲೋಗರವಷ್ಟೆ. ಮಲಗಿಯೇ ಇರುವ ಬೆಕ್ಕಿಗೆ ಅದೇ ಊಟವಾದರೆ ಕೆಡುಕು. ಸಿಹಿಮೂತ್ರ ರೋಗವಿರುವ ಬೆಕ್ಕಿಗೆ ಉಪ್ಪುಖಾರವಿಲ್ಲದೆ ಬೇಯಿಸಿದ ಮೀನು, ಕೋಳಿಮಾಂಸ, ಮೊಟ್ಟೆಗಳು ಹೆಚ್ಚಾಗಿಯೂ ಅನ್ನ, ರೊಟ್ಟಿ, ಬಿಸ್ಕತ್ತುಗಳು ಅತಿ ಕಡಮೆಯಾಗಿಯೂ ಇರಬೇಕು. ಮಾಂಸ ಬೇಯಿಸದ ಮನೆಗಳವರು ಅಂಗಡಿಯಲ್ಲಿ ದೊರೆಯುವ, ಮಾಂಸಾಂಶ ಹೆಚ್ಚಾಗಿರುವ ಬೆಕ್ಕಿನ ಆಹಾರವನ್ನು ವೈದ್ಯರನ್ನು ಕೇಳಿ ತರಿಸಿಕೊಳ್ಳಬಹುದು. ಆದರೆ ಇನ್ಸುಲಿನ್ ನಡೆಯುತ್ತಿರುವಾಗ ಆಹಾರವನ್ನು ವೈದ್ಯರಿಗೆ ತಿಳಿಸದೆ ಒಮ್ಮೆಗೇ ಬದಲಾಯಿಸಬಾರದು. ಅನ್ನ ನಿಂತ ದಿನ ಹಳೆಯ ಪ್ರಮಾಣವೇ ಹೆಚ್ಚಾಗಿ ಪರಿಣಮಿಸಬಹುದು.

ಔಷಧವನ್ನು ಕಾಪಾಡುವುದು

ಇನ್ಸುಲಿನ್ನನ್ನು ೨ರಿಂದ ೮ ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ, ಫ್ರಿಜ್ಜಿನ ನಡುಭಾಗದಲ್ಲಿ ಇಡಬೇಕು. ಹೆಪ್ಪುಗಟ್ಟಿದ ಔಷಧ ಕೆಟ್ಟ ಔಷಧ. ಕರಗಿದ ಮೇಲೂ ಅದನ್ನು ಬಳಸಕೂಡದು. ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಕಿಟಕಿಯ ಮೇಲೆ ಮರೆತಿಟ್ಟ ಸೀಸೆಯನ್ನೂ ನಂಬಬಾರದು. ಫ್ರಿಜ್ಜಿಲ್ಲದ ಮನೆಯವರು ಇರುವವರ ಮನೆಯಲ್ಲಿ ಇಡಿಸಿಕೊಳ್ಳುವುದು ಲೇಸು. ಸ್ವಭಾವತಃ ಬೆಳ್ಳಗಿರುವ ಬಗೆಯನ್ನು ಸೀಸೆಯ ಜೊತೆಯಲ್ಲಿರುವ ಕಾಗದದಲ್ಲಿ ಹೇಳಿದ ರೀತಿಯಲ್ಲಿ ಕಲಕಿ ಬಳಸಬೇಕು. ತಿಳಿಯಾಗಿರಬೇಕಾದ ಬಗೆಯು ಕದಡಿದಂತಾದರೆ ಎಸೆಯಬೇಕು.

ವೆಚ್ಚದ ವಿಷಯದಲ್ಲಿ ಒಂದು ಮಾತು. ಮಿಲಿಲೀಟರಿಗೆ ೪೦ ಯೂನಿಟ್ಟಿನ ೧೦ ಮಿಲಿಲೀಟರು ಸೀಸೆಯಲ್ಲಿ ೪೦೦ ಯೂನಿಟ್ಟುಗಳಿರುತ್ತವೆ. ದಿನಕ್ಕೆ ೨ ಯೂನಿಟ್ಟು ಬಳಸುವ ಬೆಕ್ಕಿಗೆ ಅದು ೨೦೦ ದಿನ ಬರಬೇಕೆಂದು ಲೆಕ್ಕ ಹೇಳುತ್ತದೆ. ಆದರೆ ಬಾಯಿ ತೆರೆದ ಸೀಸೆಗೆ ತಯಾರಕರು ಗೊತ್ತುಮಾಡಿರುವ ಅವಧಿ ಅನೇಕ ಬಗೆಗಳಲ್ಲಿ ಸುಮಾರು ನಾಲ್ಕು ವಾರ ಮಾತ್ರ. ೨೮ ದಿನಗಳಲ್ಲಿ ಬೆಕ್ಕು ಬಳಸುವುದು ೫೬ ಯೂನಿಟ್ಟು. ಮಿಕ್ಕುದು ದಂಡವಾಯಿತೆಂದು ಹಳೆಯ ಸೀಸೆಯನ್ನು ತಿಂಗಳುಗಟ್ಟಲೆ ಎಳೆಯುವುದು ಸುಳ್ಳು ಉಳಿತಾಯ. ಬಲಗುಂದಿದ ಔಷಧಕ್ಕೆಂದು ಪ್ರಮಾಣ ಏರಿಸಿದವರು ಹೊಸ ಸೀಸೆ ತೆರೆದ ದಿನ, ಮೇಲೆ ಹೇಳಿದ ಸಿರಿಂಜಿನ ತಪ್ಪಿಗೇ ಮತ್ತೆ ಬಂದು ನಿಲ್ಲುತ್ತಾರೆ. ತೆರೆದ ತಾರೀಖನ್ನು ಸೀಸೆಯ ಮೇಲೆ ಬರೆದಿಡಿ.

ಬಳಸಿದ ಸೂಜಿಗಳನ್ನು ತಿಪ್ಪೆಗೆ ಎಸೆಯಕೂಡದು. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಹೊಲದಲ್ಲಿ ಆಳುಮಕ್ಕಳು ಬರಿಗಾಲಿನಲ್ಲಿ ನಡೆಯುತ್ತಾರೆ. ಮೇವಿನೊಡನೆ ಸೂಜಿ ನುಂಗಿದ ಹಸುವಿನ ಗತಿ ರೈತರಿಗೆ ಹೇಳಬೇಕಾದುದಿಲ್ಲ. ಗಟ್ಟಿಯಾದ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ಆಸ್ಪತ್ರೆಗೆ ಒಪ್ಪಿಸತಕ್ಕದ್ದು.

ರೋಗವು ಹಿಂದೆಗೆಯುವುದು

ಬೆಕ್ಕಿನಲ್ಲಿ ಈ ರೋಗಕ್ಕೆ ಒಂದು ಭಾಗ್ಯವುಂಟು. ಬೇಗ ಗುರುತಿಸಿ, ಸರಿಯಾದ ಆಹಾರದೊಡನೆ ಇನ್ಸುಲಿನ್ ಕೊಟ್ಟರೆ, ಹಲವು ಬೆಕ್ಕುಗಳಲ್ಲಿ ಕೆಲವು ವಾ‌ರ ತಿಂಗಳುಗಳೊಳಗೆ ಮೇದೋಜೀರಕಾಂಗವು ಚೇತರಿಸಿಕೊಂಡು ಚುಚ್ಚುಮದ್ದು ಬೇಡವಾಗುತ್ತದೆ. ಸಂತೋಷದ ಈ ಸಂಗತಿಯೇ ತಿಳಿಯದವರ ಮನೆಯಲ್ಲಿ ಅಪಾಯವಾಗುತ್ತದೆ. ನಿನ್ನೆ ತಕ್ಕದ್ದಾಗಿದ್ದ ಪ್ರಮಾಣವು ಚೇತರಿಸಿಕೊಂಡ ಬೆಕ್ಕಿಗೆ ಇಂದು ಅತಿಯಾಗುತ್ತದೆ. ನೀರು ಕುಡಿಯುವುದು ಮೊದಲಿನಂತಾಗಿ, ತೂಕ ಏರಿ, ಸಕ್ಕರೆಯ ಅಂಕಿ ಇಳಿಯುತ್ತಿದ್ದರೆ ಕೂಡಲೆ ಪುಸ್ತಕವನ್ನು ವೈದ್ಯರಿಗೆ ತೋರಿಸಬೇಕು. ಹಿಂದೆಗೆದ ರೋಗವು ಮರಳಿ ಬರಬಹುದಾದುದರಿಂದ ಆಹಾರದ ನಿಯಮವನ್ನು ಮಾತ್ರ ಬಿಡಬಾರದು.

ಬಾಯಿಯ ಮೂಲಕ ಕೊಡುವ ಬೆಕ್ಸಾಗ್ಲಿಫ್ಲೋಜಿನ್ ಮತ್ತು ವೆಲಾಗ್ಲಿಫ್ಲೋಜಿನ್ ಎಂಬ ಔಷಧಗಳಿಗೆ ೨೦೨೨ ಮತ್ತು ೨೦೨೩ರಲ್ಲಿ ಅಮೆರಿಕ ದೇಶದಲ್ಲಿ ಬೆಕ್ಕುಗಳ ಚಿಕಿತ್ಸೆಗಾಗಿ ಒಪ್ಪಿಗೆ ದೊರೆತಿದೆ. ಅಲ್ಲಿಯೂ ಅವು ಹಿಂದೆ ಇನ್ಸುಲಿನ್ ಪಡೆಯದ ಬೆಕ್ಕುಗಳಿಗೆ ಮಾತ್ರ. ವೈದ್ಯರು ಪರೀಕ್ಷಿಸಿ ಆರಿಸಿದ ಬೆಕ್ಕುಗಳಿಗಲ್ಲದೆ ಅವನ್ನು ಕೊಡುವಂತಿಲ್ಲ.

ಮುಖ್ಯ ನಿಯಮಗಳು

೧. ವೈದ್ಯರ ಪರೀಕ್ಷೆಯಿಲ್ಲದೆ ಇನ್ಸುಲಿನ್ ಆರಂಭಿಸಬೇಡಿ.
೨. ಸೀಸೆಯ ಅಂಕಿ, ಸಿರಿಂಜಿನ ಅಂಕಿ ಎರಡೂ ಒಂದೇ ಆಗಿರಲಿ.
೩. ಮೊದಲು ಆಹಾರ, ಆಮೇಲೆ ಔಷಧ. ಎರಡು ಔಷಧಗಳ ನಡುವೆ ಹನ್ನೆರಡು ಗಂಟೆ.
೪. ಸಂದೇಹವಿದ್ದರೆ ಮತ್ತೆ ಚುಚ್ಚಬೇಡಿ. ತಪ್ಪಿದ್ದನ್ನು ಸೇರಿಸಿ ಕೊಡಬೇಡಿ.
೫. ಒಬ್ಬರೇ ಕೊಡಲಿ, ಕೊಟ್ಟ ಕೂಡಲೆ ಬರೆಯಲಿ.
೬. ತೂರಾಡುವ ಬೆಕ್ಕಿಗೆ ಮೊದಲು ಸಕ್ಕರೆ, ಆಮೇಲೆ ವಿಚಾರ.

ಗ್ರಾಮದ ಹಿರಿಯರೂ ಜಮೀನುದಾರರೂ ಈ ವಿಷಯದಲ್ಲಿ ಎರಡು ರೀತಿಯಿಂದ ಉಪಕಾರ ಮಾಡಬಹುದು. ತಮ್ಮ ಮನೆಯ ಫ್ರಿಜ್ಜಿನಲ್ಲಿ ನೆರೆಯವರ ಒಂದು ಸಣ್ಣ ಸೀಸೆಗೆ ಸ್ಥಳ ಕೊಡುವುದು ಒಂದು. ಬೆಕ್ಕನ್ನು ಹೊತ್ತು ಪಶುವೈದ್ಯ ಆಸ್ಪತ್ರೆಗೆ ಹೋಗಲು ನಾಚುವ ಬಡವನಿಗೆ "ಹೋಗಿ ತೋರಿಸು, ಅದೂ ಒಂದು ಜೀವ" ಎಂದು ಹೇಳುವುದು ಇನ್ನೊಂದು. ತಾಲ್ಲೂಕು ಆಸ್ಪತ್ರೆಯಲ್ಲಿ ಬಗೆಹರಿಯದ ಪ್ರಕರಣಗಳಿಗೆ ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಗಳಲ್ಲಿ ಸಲಹೆ ಪಡೆಯಬಹುದು. ಔಷಧದ ಅಳತೆಯು ಸಾಸಿವೆಯಷ್ಟು; ಅದನ್ನು ತಪ್ಪಿಲ್ಲದೆ ಅಳೆಯುವ ಕೈಯಿರುವ ಮನೆಯಲ್ಲಿ ಸಿಹಿಮೂತ್ರ ರೋಗದ ಬೆಕ್ಕು ಇನ್ನೂ ಅನೇಕ ವರ್ಷ ಸುಖವಾಗಿ ಬಾಳುವುದು.